ಸಸ್ಕ್ವಿಹಾನಾ ದಡದಿಂದ ಅಳಿಯನಿಗೆ

ಚಿರಂಜೀವಿ ಅಳಿಯನಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನಿನ್ನ ಅತ್ತೆಯ ಮಂಡಿನೋವು ಈಗ ಹತೋಟಿಯಲ್ಲಿದೆ. ನೀನು ಪೆನ್ಸಿಲ್ವೇನಿಯಾದ ಹ್ಯಾರಿಸ್‌ಬರ್ಗ್‌ನ ಕೆಲಸ ಒಪ್ಪಿಕೊಂಡ ಸುದ್ದಿಯನ್ನು ನಿನ್ನ ಅಮ್ಮ, ನನ್ನ ಅಕ್ಕ, ಫೋನಿನಲ್ಲಿ ಹೇಳಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ನಿನ್ನ ಪತ್ರದಲ್ಲಿ ಎರಡು ಪ್ರಶ್ನೆ ಕೇಳಿದ್ದೀಯ. ಮೇರಿಸ್‌ವಿಲ್‌ನಲ್ಲಿ ಸಸ್ಕ್ವಿಹಾನಾ ಹೊಳೆಗೆ ಮುಖ ಮಾಡಿರುವ ಆ ಮನೆಯನ್ನು ಕೊಳ್ಳಬಹುದೇ? ದೊಡ್ಡ ಸ್ಮಾಲ್‌ಮೌತ್ ಬಾಸ್ ಮೀನು ಎಲ್ಲಿ ಸಿಗುತ್ತದೆ? ಮೊದಲನೆಯದನ್ನು ಬೇಗ ಮುಗಿಸುತ್ತೇನೆ. ಎರಡನೆಯದಕ್ಕೆ ನೀನು ನಿರೀಕ್ಷಿಸಿದ ಉತ್ತರ ನನ್ನಿಂದ ಬರಲಿಕ್ಕಿಲ್ಲ.

ಮನೆಯನ್ನು ಕೊಳ್ಳಬಹುದು, ಆದರೆ ನೀರಿನ ಲೆಕ್ಕ ನೋಡಿ ಕೊಳ್ಳಬೇಕು. 1972ರ ಜೂನ್‌ನಲ್ಲಿ ಆಗ್ನೆಸ್ ಚಂಡಮಾರುತ ಬಂದಾಗ ಹ್ಯಾರಿಸ್‌ಬರ್ಗ್‌ನ ಮಾಪಕದಲ್ಲಿ ನೀರು 32 ಅಡಿ ದಾಟಿತ್ತು. 2011ರ ಸೆಪ್ಟೆಂಬರ್‌ನಲ್ಲಿ ಲೀ ಚಂಡಮಾರುತ ಬಂದಾಗ 25 ಅಡಿ ಮುಟ್ಟಿತು. 17 ಅಡಿಗೇ ಇಲ್ಲಿ ನೆರೆ ಎನ್ನುತ್ತಾರೆ. ಮಳೆಯೊಂದೇ ಅಲ್ಲ, ಮಂಜುಗಡ್ಡೆಯೂ ಇದೆ. 1996ರ ಜನವರಿಯಲ್ಲಿ ಹಿಮ ಕರಗಿ, ಒಡೆದ ಗಡ್ಡೆಗಳು ಒಂದರ ಮೇಲೊಂದು ಏರಿ ಬಂದು ವಾಲ್ನಟ್ ಸ್ಟ್ರೀಟ್ ಸೇತುವೆಯ ಪಶ್ಚಿಮ ಭಾಗದ ಅಂಕಣಗಳನ್ನು ಎತ್ತಿಕೊಂಡು ಹೋದವು. ಆ ಜಾಗ ಇಂದಿಗೂ ಬರಿದಾಗಿಯೇ ಇದೆ. ಮನೆ ಮಾರುವವರು ಇಲ್ಲಿಗೆ ನೀರು ಬಂದಿಲ್ಲ ಎಂದರೆ, ಯಾವ ವರ್ಷದಿಂದ ಈಚೆಗೆ ಎಂದು ಕೇಳು. ಮನೆಯ ತಳಮಟ್ಟ ಎಷ್ಟು ಎತ್ತರದಲ್ಲಿದೆ ಎಂಬ ಪ್ರಮಾಣಪತ್ರ ಕೇಳು. ಮಾಮೂಲಿ ಮನೆ ವಿಮೆಯಲ್ಲಿ ನೆರೆಹಾನಿಗೆ ಪರಿಹಾರ ಇರುವುದಿಲ್ಲ. ನೆರೆವಿಮೆಯನ್ನು ಬೇರೆಯಾಗಿಯೇ ಮಾಡಿಸಬೇಕು, ಸರ್ಕಾರದ ವಿಮೆಯಾದರೆ ಸಾಮಾನ್ಯವಾಗಿ 30 ದಿನ ಕಳೆದ ಮೇಲಷ್ಟೇ ಜಾರಿಗೆ ಬರುತ್ತದೆ. ಮೋಡ ಕಟ್ಟಿದ ಮೇಲೆ ಓಡಾಡಿ ಪ್ರಯೋಜನವಿಲ್ಲ. ಬೇಸ್‌ಮೆಂಟಿನಲ್ಲಿ ಪುಸ್ತಕ, ಫೋಟೋ, ಅಕ್ಕ ಕೊಟ್ಟ ರೇಷ್ಮೆ ಸೀರೆಗಳು ಯಾವುದನ್ನೂ ಇಡಬೇಡಿ.

ಇನ್ನು ಹೊಳೆ. ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನಿನ ಒಟ್ಸೆಗೊ ಸರೋವರದಲ್ಲಿ ಹುಟ್ಟಿ ಸುಮಾರು 715 ಕಿ.ಮೀ. ಹರಿದು ಚೆಸಪೀಕ್ ಕೊಲ್ಲಿ ಸೇರುವ ನದಿ ಇದು. ಆ ಕೊಲ್ಲಿಗೆ ಬರುವ ಸಿಹಿನೀರಿನಲ್ಲಿ ಅರ್ಧದಷ್ಟು ಇದರದೇ. ನಿನ್ನ ಮನೆಯ ಹತ್ತಿರವೇ 1902ರಲ್ಲಿ ಕಟ್ಟಿ ಮುಗಿಸಿದ ರಾಕ್‌ವಿಲ್ ರೈಲು ಸೇತುವೆ ಇದೆ. ಅದರ 48 ಕಲ್ಲಿನ ಕಮಾನುಗಳನ್ನು ನೋಡಿದರೆ ಅಗಲದ ಅಂದಾಜು ಸಿಗುತ್ತದೆ. ಅಷ್ಟು ಅಗಲವಿದ್ದರೂ ಬೇಸಿಗೆಯಲ್ಲಿ ಹೆಚ್ಚಿನ ಕಡೆ ಮೊಣಕಾಲಿನಿಂದ ಸೊಂಟದವರೆಗಿನ ನೀರು. ತಳದಲ್ಲಿ ಬಂಡೆಯ ಸಾಲುಗಳು ಹೊಳೆಗೆ ಅಡ್ಡವಾಗಿ ಮಲಗಿವೆ. ಸೆಳವು ಆ ಸಾಲಿಗೆ ಬಡಿದು ಸೀಳುತ್ತದಲ್ಲ, ಅದರ ಹಿಂಬದಿಯ ನಿಂತ ನೀರಿನ ಅಂಚಿನಲ್ಲಿ ಬಾಸ್ ಕಾಯುತ್ತದೆ. ತಾನು ನಿಂತ ನೀರಿನಲ್ಲಿದ್ದು, ಹರಿಯುವ ನೀರು ತರುವುದನ್ನು ತಿನ್ನುವುದು ಅದರ ಕ್ರಮ. ಕಲ್ಲಿನಡಿಯ ಕ್ರೇಫಿಶ್ ಎಂಬ ಸೀಗಡಿಯಂಥ ಜೀವಿ ಅದಕ್ಕೆ ಬಲು ಇಷ್ಟ. ಗಾಳವನ್ನು ಮೇಲ್ದಿಕ್ಕಿಗೆ ಎಸೆದು, ನೀರೇ ಅದನ್ನು ಬಂಡೆಯ ಬೆನ್ನಿಗೆ ತರುವಂತೆ ಬಿಡು, ಎಳೆಯಬೇಡ. ಹಿಡಿಯುವ ವಿದ್ಯೆ ಇಷ್ಟೇ. ಉಳಿದದ್ದನ್ನು ಹೊಳೆಯೇ ಕಲಿಸುತ್ತದೆ.

ಆದರೆ ದೊಡ್ಡ ಮೀನು ಎಲ್ಲಿದೆ ಎಂಬ ಪ್ರಶ್ನೆಯಿಂದ ಶುರು ಮಾಡಬೇಡ. ಈ ಪತ್ರ ಬರೆಯುತ್ತಿರುವುದೇ ಆ ಮಾತು ಹೇಳಲು.

2005ರ ಬೇಸಿಗೆಯಲ್ಲಿ ಇಲ್ಲಿ ನೀರು ಇಳಿದಿತ್ತು, ಬಿಸಿಲು ಜೋರಾಗಿತ್ತು. ಆ ವರ್ಷ ಹುಟ್ಟಿದ ಬಾಸ್ ಮರಿಗಳು ದಡದಂಚಿನಲ್ಲಿ ಸಾಯತೊಡಗಿದವು. ಬಗ್ಗಿ ನೋಡಿದವರಿಗೆ ಮಾತ್ರ ಅದು ಕಾಣುತ್ತಿತ್ತು. ಹೆಬ್ಬೆರಳಿನಷ್ಟು ಉದ್ದದ ಮರಿಯ ಬೆನ್ನ ಮೇಲೆ, ಬಾಲದ ಬುಡದಲ್ಲಿ ಅರಳೆ ಅಂಟಿಸಿದಂತೆ ಬಿಳಿ ಕಲೆ, ಅದರಡಿಯಲ್ಲಿ ಕೊಳೆತ ಮಾಂಸ. ಮುಟ್ಟಲು ಹೋದರೆ ತಪ್ಪಿಸಿಕೊಳ್ಳುವ ಶಕ್ತಿಯೂ ಇರುತ್ತಿರಲಿಲ್ಲ. ಇಷ್ಟೆಲ್ಲ ನಡೆಯುತ್ತಿದ್ದರೂ ನಡುಹೊಳೆಯಲ್ಲಿ ಗಾಳ ಹಾಕುವವರಿಗೆ ಒಳ್ಳೆಯ ಕಾಲವೆಂದೇ ಅನ್ನಿಸುತ್ತಿತ್ತು. ಸಿಕ್ಕುವ ಮೀನುಗಳ ಗಾತ್ರ ವರ್ಷ ವರ್ಷಕ್ಕೆ ಹೆಚ್ಚುತ್ತಿತ್ತು. ಗಾತ್ರ ಹೆಚ್ಚಿದ್ದು ಕೆಳಗಿನಿಂದ ಚಿಕ್ಕವು ಬರದಿದ್ದುದಕ್ಕೆ. ಮೊದಲೇ ಇದ್ದವು ಮುದಿಯಾಗುತ್ತಿದ್ದವು, ಅಷ್ಟೇ. ಇಲ್ಲಿ ಈ ಮೀನು ಒಂದಡಿ ಉದ್ದವಾಗಲು ಮೂರು ನಾಲ್ಕು ವರ್ಷ ಬೇಕು. ಇಪ್ಪತ್ತು ಅಂಗುಲದ್ದಾದರೆ ಹತ್ತು ವರ್ಷ ಬದುಕಿರಬಹುದು. ಹಾಗಾಗಿ ಇಂದು ನಿನ್ನ ಗಾಳಕ್ಕೆ ಬಂದ ದೊಡ್ಡ ಮೀನು ಹತ್ತು ವರ್ಷ ಹಿಂದಿನ ಹೊಳೆಯ ಆರೋಗ್ಯವನ್ನು ಹೇಳುತ್ತದೆ, ಈ ವರ್ಷದ್ದನ್ನಲ್ಲ. ಈ ವರ್ಷದ್ದು ಬೇಕೆಂದರೆ ಮರಿಗಳನ್ನೇ ನೋಡಬೇಕು.

ಏನಾಗಿತ್ತು ಎಂದು ಕಂಡುಹಿಡಿಯಲು ಹತ್ತು ವರ್ಷ ಹಿಡಿಯಿತು. ಮರಿಗಳ ಮೈಯಲ್ಲಿ ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾ, ಒಂದು ವೈರಸ್, ಪರಾವಲಂಬಿ ಜೀವಿಗಳು ಸಿಕ್ಕವು. ಗಂಡುಮೀನುಗಳ ವೃಷಣದಲ್ಲಿ ತತ್ತಿಯ ಕಣಗಳು ಕಂಡವು. 2015ರ ಕೊನೆಯಲ್ಲಿ ರಾಜ್ಯದ ಇಲಾಖೆಗಳೂ ಒಕ್ಕೂಟ ಸರ್ಕಾರದ ಪರಿಸರ ಸಂಸ್ಥೆಯೂ ಸೇರಿ ನಡೆಸಿದ ಅಧ್ಯಯನ, ಹಾರ್ಮೋನುಗಳನ್ನು ಕೆಡಿಸುವ ರಾಸಾಯನಿಕಗಳು ಮತ್ತು ಕಳೆನಾಶಕಗಳು ಒಂದು ಕಡೆ, ರೋಗಾಣು ಮತ್ತು ಪರಾವಲಂಬಿಗಳು ಇನ್ನೊಂದು ಕಡೆ, ಇವೇ ಬಹುಪಾಲು ಕಾರಣ ಎಂದಿತು. ಒಬ್ಬನೇ ಅಪರಾಧಿಯನ್ನು ಹಿಡಿದು ನಿಲ್ಲಿಸುವ ಆಸೆ ಎಲ್ಲರಿಗೂ ಇತ್ತು, ನನಗೂ ಇತ್ತು. ಹೊಳೆ ಹಾಗೆ ಕೆಡುವುದಿಲ್ಲ. ಹೊಲದ ಗೊಬ್ಬರ, ಊರಿನ ಕೊಳಚೆ, ಬಿಸಿ ನೀರು, ಪಾಚಿ ಬೆಳೆದ ಅಂಚಿನಲ್ಲಿ ಬೆಳಗಿನ ಜಾವಕ್ಕೆ ಕುಸಿಯುವ ಆಮ್ಲಜನಕ, ಹೀಗೆ ಒಂದೊಂದೂ ಸ್ವಲ್ಪ ಸ್ವಲ್ಪ ಬಲ ಕುಗ್ಗಿಸಿದ ಮೇಲೆ ಮಾಮೂಲಿ ರೋಗಾಣುವೇ ಸಾಕಾಗುತ್ತದೆ.

2011ರಿಂದ ಪೆನ್ಸಿಲ್ವೇನಿಯಾದ ಮೀನು ಮತ್ತು ದೋಣಿ ಆಯೋಗ ಸನ್‌ಬರಿಯಿಂದ ಹೋಲ್ಟ್‌ವುಡ್ ಅಣೆಕಟ್ಟಿನವರೆಗೆ, ಜುನಿಯಾಟಾ ನದಿಯ ಕೆಳಭಾಗದಲ್ಲೂ, ಹಿಡಿದ ಬಾಸನ್ನು ಕೂಡಲೇ ಬಿಡಬೇಕೆಂದು ನಿಯಮ ಮಾಡಿತು. ಆಮೇಲೆ ಮರಿ ಮಾಡುವ ಕಾಲದಲ್ಲಿ, ಮೇ ಒಂದರಿಂದ ಜೂನ್ ನಡುವಿನವರೆಗೆ, ಬಾಸ್ ಹಿಡಿಯಲು ಗಾಳ ಹಾಕುವುದನ್ನೇ ನಿಲ್ಲಿಸಿತು. ಆಗ ಗೊಣಗಿದವರು ಬಹಳ ಜನ. ಮೀನು ನಿಧಾನವಾಗಿ ಚೇತರಿಸಿಕೊಂಡಿದೆ. ನಿಯಮ ಬದಲಾಗುತ್ತಿರುತ್ತದೆ, ಪ್ರತಿ ವರ್ಷ ಲೈಸೆನ್ಸಿನ ಜೊತೆ ಪುಸ್ತಿಕೆಯನ್ನೂ ಓದು. ಆದರೆ ನಿಯಮ ಸಡಿಲವಾಗಿದ್ದರೂ ನೀನು ಮೇ ತಿಂಗಳಲ್ಲಿ ಈ ಮೀನಿನ ತಂಟೆಗೆ ಹೋಗಬಾರದು ಎಂದು ನನ್ನ ಆಸೆ. ಕಾರಣ ಹೇಳುತ್ತೇನೆ.

ನೀರು 15 ಡಿಗ್ರಿ ದಾಟಿದ ಮೇಲೆ ಗಂಡು ಬಾಸ್ ಒಂದು ಬಂಡೆಯ ಮರೆಯಲ್ಲಿ ಬಾಲ ಬೀಸಿ ಬೀಸಿ ಕೆಸರು ತೊಳೆದು, ಜಲ್ಲಿಕಲ್ಲಿನಲ್ಲಿ ಪರಾತದಷ್ಟು ಗುಂಡಿ ಮಾಡುತ್ತದೆ. ಹೆಣ್ಣು ತತ್ತಿ ಇಟ್ಟು ಹೊರಟುಹೋಗುತ್ತದೆ. ಕಾವಲು ಗಂಡಿನದೇ. ಮರಿಗಳು ಚದುರಿ ಹೋಗುವ ತನಕ ಸರಿಯಾಗಿ ತಿನ್ನುವುದೂ ಇಲ್ಲ. ಹತ್ತಿರ ಬಂದದ್ದಕ್ಕೆಲ್ಲ ಬಾಯಿ ಹಾಕುತ್ತದೆ, ಆದ್ದರಿಂದ ಆಗ ಅದನ್ನು ಹಿಡಿಯುವಷ್ಟು ಸುಲಭ ಬೇರೆ ಯಾವಾಗಲೂ ಇಲ್ಲ. ನೀನು ಅದನ್ನು ಮೇಲೆತ್ತಿ ಫೋಟೋ ತೆಗೆಯುವ ಹೊತ್ತಿಗೆ ಸಣ್ಣ ಮೀನುಗಳು ಗೂಡಿಗೆ ನುಗ್ಗಿ ತತ್ತಿ ತಿಂದಿರುತ್ತವೆ. ಮೀನನ್ನು ಜೀವಂತ ಬಿಟ್ಟೆ ಎಂಬ ಸಮಾಧಾನಕ್ಕೆ ಆಗ ಅರ್ಥವಿಲ್ಲ.

ತೀರ್ಥಹಳ್ಳಿ ಕಡೆಯವನಾದ ನಿನಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂಗಾರಿನ ಮೊದಲ ಕೆಂಪುನೀರಿಗೆ ಮೊಟ್ಟೆ ತುಂಬಿಕೊಂಡ ಹತ್ತುಮೀನು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಏರುವಾಗ ಊರಿಗೆ ಊರೇ ಕೂಣಿ, ಕತ್ತಿ, ಬ್ಯಾಟರಿ ಹಿಡಿದು ಇಳಿಯುತ್ತಿದ್ದುದನ್ನು ನೀನೂ ನೋಡಿದ್ದೀಯ. ರುಚಿ, ಸಂಭ್ರಮ ಎರಡೂ ನಿಜ. ಹಳ್ಳಗಳು ಮೀನಿಲ್ಲದೆ ಬರಿದಾಗುತ್ತಾ ಬಂದದ್ದೂ ನಿಜ. ಅದೇ ತುಂಗೆಯಲ್ಲಿ ಸಿಬ್ಬಲಗುಡ್ಡೆಯಲ್ಲಿ, ಶೃಂಗೇರಿಯಲ್ಲಿ ಯಾರೂ ಮುಟ್ಟದ ಮೀನು ಮಂಡಕ್ಕಿಗೆ ಬಾಯ್ತೆರೆದು ಬರುತ್ತದೆ. ದೇವರ ಹೆಸರಿನಲ್ಲಿ ಆದದ್ದನ್ನು ಇಲ್ಲಿ ಕಾಯಿದೆಯ ಹೆಸರಿನಲ್ಲಿ ಮಾಡುತ್ತಾರೆ. ಎರಡೂ ಕಡೆ ಮೀನಿಗೆ ಬೇಕಾದದ್ದು ಮರಿ ಮಾಡಲು ಕೆಲವು ವಾರಗಳ ಬಿಡುವು.

ಈ ಮೀನು ಇಲ್ಲಿಯ ಮೂಲದ್ದಲ್ಲ, ಹೋದರೆ ಹೋಗಲಿ ಎನ್ನುವವರೂ ಇದ್ದಾರೆ. ಮೂಲದ್ದಲ್ಲ, ಒಪ್ಪುತ್ತೇನೆ. 1854ರಲ್ಲಿ ಓಹಿಯೋ ನದಿಯ ಕಡೆಯಿಂದ ಒಂದಿಷ್ಟು ಮೀನುಗಳನ್ನು ಉಗಿಬಂಡಿಯ ನೀರಿನ ತೊಟ್ಟಿಯಲ್ಲಿ ತಂದು ಪೊಟೊಮ್ಯಾಕ್‌ ಪಾತ್ರಕ್ಕೆ ಬಿಟ್ಟರು, ಮುಂದೆ ಸಸ್ಕ್ವಿಹಾನಾಕ್ಕೂ ಬಂದವು. ಆದರೆ ಬಾಸ್ ಮರಿಯನ್ನು ಕೊಂದ ನೀರನ್ನೇ ಕೆಳಗಿನ ಊರುಗಳು ಕುಡಿಯುತ್ತವೆ. ಮೂಲದ ವಿಚಾರಣೆ ಆಮೇಲೆ ಮಾಡೋಣ.

ಹಿಡಿದಾಗ ಕೈ ಒದ್ದೆ ಮಾಡಿಕೊಂಡು ಮುಟ್ಟು, ಒಣ ಕೈಗೆ ಅದರ ಮೈಯ ಲೋಳೆ ಕಿತ್ತು ಬರುತ್ತದೆ. ಗಾಳದ ಮುಳ್ಳನ್ನು ಮೊದಲೇ ಇಕ್ಕಳದಿಂದ ಒತ್ತಿ ಮಟ್ಟ ಮಾಡು. ಜುಲೈ ಆಗಸ್ಟ್‌ನ ಬಿಸಿ ಮಧ್ಯಾಹ್ನಗಳಲ್ಲಿ ಗಾಳ ಹಾಕಲೇಬೇಡ, ಬೆಳಗಿನ ತಂಪಿನಲ್ಲಿ ಹೋಗಿ ಬಂದುಬಿಡು.

ನೀರಿನ ಭಯ ಇರಲಿ. ಈಜು ಬರುತ್ತದೆ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಹ್ಯಾರಿಸ್‌ಬರ್ಗ್‌ನ ಮಾಪಕ 4 ಅಡಿ ದಾಟಿದ ದಿನ ನಾನು ಹೊಳೆಗೆ ಇಳಿಯುವುದಿಲ್ಲ, ನೀನೂ ಇಳಿಯಬೇಡ. ಸಿಟಿ ಐಲೆಂಡ್‌ನ ಕೆಳಗೆ, ಹೊಳೆಗೆ ಅಡ್ಡವಾಗಿ ಡಾಕ್ ಸ್ಟ್ರೀಟ್ ಕಟ್ಟೆ ಇದೆ. ದೋಣಿಯಲ್ಲಿ ಕುಳಿತು ಮೇಲಿನಿಂದ ಬರುವವನಿಗೆ ನೀರು ಸಮವಾಗಿ ಹರಿಯುತ್ತಿರುವಂತೆಯೇ ಕಾಣುತ್ತದೆ. ಕೆಳಗೆ ಬಿದ್ದರೆ ನೀರು ಹಿಂದಕ್ಕೆ ಸುರುಳಿ ಸುತ್ತಿ ಮತ್ತೆ ಮತ್ತೆ ಕಟ್ಟೆಯ ಬುಡಕ್ಕೇ ಎಳೆಯುತ್ತದೆ. ಲೈಫ್ ಜಾಕೆಟ್ ಹಾಕಿದವರೂ ಅಲ್ಲಿ ಸತ್ತಿದ್ದಾರೆ. ಅದರ ಹತ್ತಿರ ಯಾವ ಕಾರಣಕ್ಕೂ ಹೋಗುವುದಿಲ್ಲವೆಂದು ಅಕ್ಕನ ಮೇಲೆ ಆಣೆ ಮಾಡು. ನವೆಂಬರ್ ಒಂದರಿಂದ ಏಪ್ರಿಲ್ ಕೊನೆಯವರೆಗೆ ಕಯಾಕ್‌ನಲ್ಲಿ ಜಾಕೆಟ್ ಹಾಕಿಕೊಂಡೇ ಇರಬೇಕೆಂದು ಕಾಯಿದೆ. ನೀನು ವರ್ಷವಿಡೀ ಹಾಕಿಕೋ.

ಜೂನ್ ಕೊನೆಗೆ ಬಂದರೆ ಮರಿಗಳನ್ನು ತೋರಿಸುತ್ತೇನೆ. ಪಾದ ಮುಳುಗುವಷ್ಟು ನೀರಿನಲ್ಲಿ, ಹುಲ್ಲಿನ ಬುಡದಲ್ಲಿ ಇರುತ್ತವೆ. ಬಾಲದ ಬುಡ ಕಿತ್ತಳೆ, ನಡುವೆ ಕಪ್ಪು ಪಟ್ಟಿ, ತುದಿ ಬಿಳಿ, ಒಮ್ಮೆ ನೋಡಿದರೆ ಮರೆಯುವುದಿಲ್ಲ. ಬಿಳಿ ಕಲೆಯ ಮರಿ ಕಂಡರೆ ಫೋಟೋ ತೆಗೆದು, ಜಾಗ ಮತ್ತು ದಿನ ಬರೆದು ಆಯೋಗಕ್ಕೆ ಕಳಿಸುವುದು ಹೇಗೆಂದೂ ಹೇಳಿಕೊಡುತ್ತೇನೆ. ಆಗಸ್ಟ್‌ನವರೆಗೆ ಉಳಿದರೆ ಬಿಳಿ ನೊಣ ಏಳುವುದನ್ನೂ ನೋಡಬಹುದು. ತಳದ ಹೂಳಿನಲ್ಲಿ ತಿಂಗಳುಗಟ್ಟಲೆ ಇದ್ದ ಹುಳು ಮುಸ್ಸಂಜೆಗೆ ರೆಕ್ಕೆ ಬಂದು ಮೇಲೆದ್ದು, ಜೊತೆಗೂಡಿ, ನೀರಿಗೆ ತತ್ತಿ ಬಿಟ್ಟು ಅದೇ ರಾತ್ರಿ ಸಾಯುತ್ತದೆ. ಆ ಹೊತ್ತಿನಲ್ಲಿ ಇಡೀ ಹೊಳೆಯ ಬಾಸ್ ಮೇಲೆ ಬರುತ್ತದೆ, ನೀನು ಕೇಳಿದ ದೊಡ್ಡವೂ ಬರುತ್ತವೆ.

ನೀರಿನ ಹೊಳಪು ತಡೆಯುವ ಪೋಲರೈಸ್ಡ್ ಕನ್ನಡಕವೊಂದನ್ನು ಕೊಂಡುಕೊಂಡು ಬಾ, ಅದಿಲ್ಲದೆ ಮರಿಗಳು ಕಾಣುವುದಿಲ್ಲ. ಮನೆಯ ಎತ್ತರದ ಪ್ರಮಾಣಪತ್ರ ಸಿಕ್ಕ ಕೂಡಲೇ ಅದರ ಪ್ರತಿಯನ್ನು ನನಗೆ ಕಳಿಸು. ಅದನ್ನು ನಾನು ನೋಡುವ ತನಕ ಮುಂಗಡ ಕೊಡಬೇಡ.

ಇಂತಿ ನಿನ್ನ ಶ್ರೇಯಸ್ಸು ಬಯಸುವ,
ಮಾವ