ಹೊಸ ಫೈಲು ತಾನಾಗಿ ಸೇರುವುದಿಲ್ಲ, ಪುಟ್ಟಿ

ದಾವಣಗೆರೆ

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದಗಳು.

ನಿಮ್ಮಮ್ಮ ಫೋನ್ ಮಾಡಿದ್ದಳು. ಮೆಕ್ಕೆಜೋಳದ ದರ ತೋರಿಸುವ ನಿಮ್ಮ ಪ್ರಾಜೆಕ್ಟು ನಿನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡುತ್ತದಂತೆ, ಗೆಳತಿಯ ಹತ್ತಿರ ಏಳುವುದೇ ಇಲ್ಲವಂತೆ. ಅದಕ್ಕೆ ಇಬ್ಬರೂ ಮಾತು ಬಿಟ್ಟಿದ್ದೀರಂತೆ! ನೀನು ಕಳಿಸಿದ ಸ್ಕ್ರೀನ್‌ಶಾಟ್ ನೋಡಿದೆ. ತಪ್ಪು ಅವಳದಲ್ಲ. ಎಪಿಎಂಸಿ ದರ ಓದುವ ಹೊಸ ಫೈಲು ಅವಳಿಗೆ ತಲುಪಿಯೇ ಇಲ್ಲ.

ಗಿಟ್ ಅಂದರೆ ಫೈಲುಗಳಲ್ಲಿ ಆದ ಬದಲಾವಣೆಗಳ ಲೆಕ್ಕ ಇಡುವ ಸಾಫ್ಟ್‌ವೇರ್, ಕಮಿಟ್ ಅಂದರೆ ಆ ಲೆಕ್ಕದಲ್ಲಿ ದಾಖಲಿಸುವುದು. ನೀನು 'ಗಿಟ್ ಕಮಿಟ್ ಮೈನಸ್ ಎಎಂ' ಹೊಡೆದಿದ್ದೀಯ. ಆ 'ಎ' ಇದ್ದರೆ ಎಲ್ಲವೂ ಸೇರುತ್ತದೆ ಅಂತ ಜಾಸ್ತಿ ಜನ ಅಂದುಕೊಂಡಿರುತ್ತಾರೆ. ಹಾಗಿಲ್ಲ. ಗಿಟ್‌ಗೆ ಮೊದಲೇ ಗೊತ್ತಿರುವ ಫೈಲುಗಳಲ್ಲಿ ಆದ ಬದಲಾವಣೆ ಮಾತ್ರ ಸೇರುತ್ತದೆ. ಹೊಸ ಫೈಲನ್ನು ಒಮ್ಮೆ 'ಗಿಟ್ ಆ್ಯಡ್' ಮಾಡಿ ನೀನೇ ಒಪ್ಪಿಸಬೇಕು. ಕಮಿಟ್‌ಗೆ ಮುಂಚೆ 'ಗಿಟ್ ಸ್ಟೇಟಸ್' ನೋಡಿದ್ದರೆ 'ಅನ್‌ಟ್ರ್ಯಾಕ್ಡ್' ಪಟ್ಟಿಯಲ್ಲಿ ಅದು ಕಣ್ಣಿಗೆ ಬೀಳುತ್ತಿತ್ತು.

ಆ್ಯಡ್ ಮಾಡುವುದು ಜೆರಾಕ್ಸ್ ತೆಗೆಸಿದ ಹಾಗೆ. ಆಮೇಲೆ ಮೂಲದಲ್ಲಿ ಏನು ತಿದ್ದಿದರೂ ಪ್ರತಿಯಲ್ಲಿ ಬರುವುದಿಲ್ಲ, ಅಲ್ವಾ? ಆ್ಯಡ್ ಆದ ಮೇಲೆ ಫೈಲು ತಿದ್ದಿದರೆ ಮತ್ತೆ ಆ್ಯಡ್ ಮಾಡು. ಇಲ್ಲದಿದ್ದರೆ, ಆ 'ಎ' ಇಲ್ಲದೆ ಕಮಿಟ್ ಮಾಡಿದಾಗ ಹಳೆಯದೇ ಸೇರುತ್ತದೆ. ಒಂದೇ ಹೆಸರು ಸ್ಟೇಟಸ್‌ನಲ್ಲಿ ಎರಡು ಕಡೆ ಕಂಡರೆ ಇದೇ ಕಾರಣ.

ಇನ್ನು ನಾಳೆಯಿಂದ ಬೇಸತ್ತು 'ಗಿಟ್ ಆ್ಯಡ್ ಡಾಟ್' ಹೊಡೆಯಲು ಶುರು ಮಾಡುತ್ತೀಯ, ನನಗೆ ಗೊತ್ತು. ಅದು ಆ ಫೋಲ್ಡರಿನಲ್ಲಿ ಇರುವುದನ್ನೆಲ್ಲ ಬಾಚಿಕೊಳ್ಳುತ್ತದೆ. ಡೇಟಾಬೇಸಿನ ಪಾಸ್‌ವರ್ಡ್ ಇಟ್ಟ ಫೈಲೂ ಹೋಗುತ್ತದೆ. ಮುಂದಿನ ಕಮಿಟ್‌ನಲ್ಲಿ ಅಳಿಸಿದರೂ ಹಳೆಯ ಕಮಿಟ್‌ನಲ್ಲಿ ಅದು ಹಾಗೇ ಕೂತಿರುತ್ತದೆ, ಪ್ರಾಜೆಕ್ಟಿನ ಪ್ರತಿ ಇರುವ ಯಾರು ಬೇಕಾದರೂ ತೆಗೆದು ನೋಡಬಹುದು. ಪುಶ್ ಆಗಿಹೋಗಿದ್ದರೆ, ಅಂದರೆ ನೀವಿಬ್ಬರೂ ಹಂಚಿಕೊಳ್ಳುವ ಸರ್ವರಿಗೆ ಕಳಿಸಿಬಿಟ್ಟಿದ್ದರೆ, ಮೊದಲು ಪಾಸ್‌ವರ್ಡ್ ಬದಲಾಯಿಸು, ಮಿಕ್ಕಿದ್ದು ಆಮೇಲೆ. ಅಂಥ ಫೈಲುಗಳ ಹೆಸರನ್ನು 'ಡಾಟ್ ಗಿಟ್‌ಇಗ್ನೋರ್'ನಲ್ಲಿ ಶುರುವಿನಲ್ಲೇ ಬರೆದಿಡು. ಒಮ್ಮೆ ಕಮಿಟ್ ಆದ ಫೈಲಿಗೆ ಇಗ್ನೋರ್ ಲೆಕ್ಕಕ್ಕಿಲ್ಲ. ಅದನ್ನು 'ಗಿಟ್ ಆರ್‌ಎಂ ಮೈನಸ್ ಮೈನಸ್ ಕ್ಯಾಶ್ಡ್' ಕೊಟ್ಟು ಬಿಡಿಸಬೇಕು. ಫೈಲು ನಿನ್ನ ಹತ್ತಿರ ಉಳಿಯುತ್ತದೆ, ಹೆದರಬೇಡ. ಅದಕ್ಕೇ ಹೇಳುವುದು, ಹೆಸರು ಹಿಡಿದೇ ಆ್ಯಡ್ ಮಾಡು. ತಪ್ಪಿ ಸೇರಿಸಿದ್ದು ಕಮಿಟ್‌ಗೆ ಮುಂಚೆ ಗೊತ್ತಾದರೆ 'ಗಿಟ್ ರಿಸ್ಟೋರ್ ಮೈನಸ್ ಮೈನಸ್ ಸ್ಟೇಜ್ಡ್' ಸಾಕು.

ಖಾಲಿ ಫೋಲ್ಡರನ್ನು ಗಿಟ್ ಇಟ್ಟುಕೊಳ್ಳುವುದೇ ಇಲ್ಲ. ಒಳಗೆ ಒಂದು ಫೈಲಾದರೂ ಇರಬೇಕು.

ನಿನ್ನ ಕಮಿಟ್ ಸಂದೇಶಗಳನ್ನು ನೋಡಿ ನಗು ಬಂತು. 'ಫೈನಲ್', 'ಫೈನಲ್ ಹೊಸದು', 'ಇದೇ ಫೈನಲ್'. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಗಿಟ್ ಶುರು ಮಾಡಿದ್ದು ಲಿನಕ್ಸ್ ಕರ್ನಲ್‌ಗಾಗಿ, ಅಂದರೆ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿಗಾಗಿ. ಮುಖ ನೋಡದ ಎಷ್ಟೋ ಜನ ಅಲ್ಲಿ ಒಬ್ಬರ ಕೆಲಸ ಇನ್ನೊಬ್ಬರು ಓದುತ್ತಾರೆ. ನಿಮ್ಮಲ್ಲಿ ಇರುವುದು ಇಬ್ಬರೇ ಆದರೂ 'ಎಪಿಎಂಸಿ ದರ ಓದುವ ಫೈಲು ಸೇರಿಸಿದೆ' ಅಂತ ಬರೆದರೆ ಕೈ ನೋಯುತ್ತದಾ? ಕನ್ನಡದಲ್ಲೇ ಬರೆ, ನಡೆಯುತ್ತದೆ.

ಕಮಿಟ್ ಆಗಿದ್ದು ನಿನ್ನ ಲ್ಯಾಪ್‌ಟಾಪಿನಲ್ಲೇ ಇರುತ್ತದೆ, ಪುಶ್ ಮಾಡುವುದನ್ನು ಮರೀಬೇಡ. ಪುಶ್ ಆದ ಮೇಲೆ ಬೇರೆ ಫೋಲ್ಡರಿಗೆ ಹೊಸದಾಗಿ ಕ್ಲೋನ್ ಮಾಡಿ, ಅಂದರೆ ಸರ್ವರಿನಿಂದ ಪೂರ್ತಿ ಪ್ರತಿ ಇಳಿಸಿ, ನೀನೇ ಓಡಿಸಿ ನೋಡು. ಅಲ್ಲೂ ಓಡಿದರೆ ಗೆಳತಿಗೆ ಫೋನ್ ಮಾಡು. ಮೊದಲು ಸಾರಿ ಕೇಳು, ಆಮೇಲೆ ಪುಲ್ ಮಾಡಲು, ಅಂದರೆ ಹೊಸ ಬದಲಾವಣೆಗಳನ್ನು ಇಳಿಸಿಕೊಳ್ಳಲು ಹೇಳು.

ನಿನ್ನ ಮಾವ