ಡಯಾಲಿಸಿಸ್‌ನವರ ಮೈ ತುರಿಕೆ: ಗುಂಪಿನ ಎಲ್ಲರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಉಡುಪಿಯ ನಮ್ಮ ಬಳಗದಲ್ಲಿ ಈಗ ತುರಿಕೆಯದ್ದೇ ಮಾತು. ರಾತ್ರಿ ಬೆನ್ನು ಕೆರೆದು ಕೆರೆದು ನಿದ್ದೆ ಇಲ್ಲದವರು ದಯವಿಟ್ಟು ಪೂರ್ತಿ ಓದಿ.

ಕಿಡ್ನಿ ತೊಂದರೆಯಿಂದ ಬರುವ ತುರಿಕೆ ಸಾಮಾನ್ಯ ಅಲರ್ಜಿಯ ಹಾಗಲ್ಲ. ಅಲರ್ಜಿಯ ಮಾತ್ರೆ ಸೆಟಿರಿಜಿನ್ ನುಂಗಿದರೆ ಮಂಪರು ಬರಬಹುದು, ತುರಿಕೆ ಅಷ್ಟಾಗಿ ಇಳಿಯುವುದಿಲ್ಲ. ಮೊದಲು ಒಣ ಚರ್ಮ ಸರಿಯಾಗಬೇಕು. ಹಂಡೆಯ ಸುಡುನೀರಿನ ಸ್ನಾನ ನಮಗೆಲ್ಲ ಇಷ್ಟ, ಅಲ್ವಾ? ಆದರೆ ಅದರಿಂದ ಚರ್ಮ ಇನ್ನೂ ಒಣಗುತ್ತದೆ. ಉಗುರುಬೆಚ್ಚಗಿನ ನೀರು ಸಾಕು. ಟವೆಲ್‌ನಿಂದ ಮೆಲ್ಲಗೆ ಒತ್ತಿ ಒರೆಸಿ, ಪಸೆ ಆರುವ ಮೊದಲೇ ವಾಸನೆ ಇಲ್ಲದ ಮಾಯಿಶ್ಚರೈಸರ್ ಹಚ್ಚಿ. ಮಲಗುವಾಗ ಇನ್ನೊಮ್ಮೆ.

ರಕ್ತದಲ್ಲಿ ಫಾಸ್ಫರಸ್ ಏರಿದರೂ ತುರಿಕೆ ಜಾಸ್ತಿಯಾಗಬಹುದು. ಊಟದಲ್ಲಿನ ಫಾಸ್ಫರಸ್ ರಕ್ತಕ್ಕೆ ಸೇರದಂತೆ ಹಿಡಿದಿಡುವ ಬೈಂಡರ್ ಮಾತ್ರೆಯನ್ನು ಊಟದ ಜೊತೆಗೇ ತೆಗೆದುಕೊಳ್ಳಿ. ಊಟವಾಗಿ ಎರಡು ಗಂಟೆ ಬಿಟ್ಟು ನುಂಗಿದರೆ ಹೆಚ್ಚು ಪ್ರಯೋಜನವಿಲ್ಲ. ಒಣಮೀನು, ಕೋಲಾ ಬೇಡ. ಬೇಗ ಮನೆಗೆ ಹೋಗಬೇಕೆಂದು ಡಯಾಲಿಸಿಸ್ ಅರ್ಧಕ್ಕೆ ನಿಲ್ಲಿಸಬೇಡಿ.

ಇಷ್ಟಕ್ಕೂ ಕಡಿಮೆಯಾಗದಿದ್ದರೆ ಡಾಕ್ಟರು ಡಯಾಲಿಸಿಸ್ ಆದ ಮೇಲೆ ಗ್ಯಾಬಪೆಂಟಿನ್ ಎಂಬ ನರದ ಔಷಧಿ ಸಣ್ಣ ಡೋಸ್ ಕೊಡುವುದುಂಟು. ಅದನ್ನು ಸ್ವಂತಕ್ಕೆ ತಂದು ನುಂಗಬೇಡಿ. ಕಿಡ್ನಿ ಹೊರಹಾಕದೆ ಮೈಯಲ್ಲೇ ಉಳಿದು ತಲೆ ತಿರುಗುತ್ತದೆ, ಬಿದ್ದುಬಿಡುತ್ತೀರಿ. ಯುವಿಬಿ (ಒಂದು ಬಗೆಯ ನೇರಳಾತೀತ ಕಿರಣ) ಬೆಳಕಿನ ಚಿಕಿತ್ಸೆಯೂ ಇದೆ, ಚರ್ಮದ ಡಾಕ್ಟರನ್ನು ಕೇಳಿ.

ಶುಗರ್ ಇರುವವರೇ, ತೊಡೆಸಂದು, ಕಾಲ್ಬೆರಳ ಸಂದಿಯಲ್ಲಿ ಮಾತ್ರ ತುರಿಕೆಯಿದ್ದರೆ ಅದು ಫಂಗಸ್ ಇರಬಹುದು. ನಮ್ಮ ಕರಾವಳಿಯ ಸೆಕೆ, ಬೆವರಿಗೆ ಅದು ಬೇಗ ಹರಡುತ್ತದೆ. ಮೆಡಿಕಲ್‌ನಲ್ಲಿ ಸುಮ್ನೆ ಕೇಳಿ ತಂದ ಸ್ಟೀರಾಯ್ಡ್ ಮಿಶ್ರಿತ ಕ್ರೀಮ್ ಹಚ್ಚಲೇಬೇಡಿ. ಕಾಲು ಕೆರೆದು ಗಾಯವಾದರೆ ಅದೇ ದಿನ ತೋರಿಸಿ.

ತುರಿಕೆ ಏನು ಮಹಾ ಎಂದು ಸುಮ್ಮನಿರಬೇಡಿ. ಮುಂದಿನ ಡಯಾಲಿಸಿಸ್ ದಿನವೇ ಸಿಸ್ಟರ್‌ಗೆ ಹೇಳಿ.