ಫೆಬ್ರವರಿಯ ಶ್ರೀಲಂಕಾ ಪ್ರವಾಸ: ಹೊರಡುವವರು ದಯವಿಟ್ಟು ಓದಿ

ಎಲ್ಲರಿಗೂ ನಮಸ್ಕಾರ. ಟ್ರಿಂಕೋಮಲಿಗೂ ಹೋಗೋಣ ಅಂತ ಮೂರು ಜನ ಕೇಳಿದ್ದೀರಿ. ಈ ಸಲ ಬೇಡ. ಪೂರ್ವ ಕರಾವಳಿಯ ಕಡಲು ಶಾಂತವಾಗುವುದು ಏಪ್ರಿಲ್ ನಂತರ. ಫೆಬ್ರವರಿಗೆ ದಕ್ಷಿಣವೇ ಸರಿ: ಯಾಲ, ಉಡವಲವೆ ಕಾಡುಗಳು, ಕೊನೆಗೆ ಮಿರಿಸ್ಸ ಬೀಚು.

ಯಾಲದಲ್ಲಿ ಗೇಟು ತೆರೆಯುವುದು ಬೆಳಗ್ಗೆ 6ಕ್ಕೆ. ಅಷ್ಟರಲ್ಲಿ ಜೀಪು ಸಾಲಿನಲ್ಲಿರಬೇಕು, ಆದ್ದರಿಂದ ನಾಲ್ಕೂವರೆಗೆ ಏಳಬೇಕು. ಗೊಣಗಬೇಡಿ! ಆ ದ್ವೀಪದಲ್ಲಿ ಹುಲಿ ಇಲ್ಲ, ಚಿರತೆಯೇ ದೊರೆ. ನಮ್ಮ ಕಬಿನಿಯ ಚಿರತೆ ಹುಲಿಗೆ ಹೆದರಿ ಮರ ಹತ್ತಿ ಕೂರುತ್ತದಲ್ಲ, ಅಲ್ಲಿನದು ಬಂಡೆಯ ಮೇಲೆ ಆರಾಮಾಗಿ ಮೈಚಾಚಿರುತ್ತದೆ. ಕಂಡೇ ಕಾಣುತ್ತದೆ ಅಂತ ಮಾತ್ರ ನಾನು ಮಾತು ಕೊಡಲ್ಲ. ಡ್ರೈವರಿಗೆ "ಇನ್ನೂ ಹತ್ತಿರ ಹೋಗಿ" ಅಂತ ಯಾರೂ ದುಂಬಾಲು ಬೀಳಬಾರದು.

ಉಡವಲವೆಯಲ್ಲಿ ಅನಾಥ ಆನೆಮರಿಗಳಿಗೆ ಹಾಲು ಕುಡಿಸುವುದನ್ನು ದೂರದಿಂದ ನೋಡಬಹುದು. ಮುಟ್ಟಲು ಬಿಡುವುದಿಲ್ಲ, ಬೆಳೆದ ಮೇಲೆ ಕಾಡಿಗೇ ಬಿಡುತ್ತಾರೆ. ನನಗೆ ಈ ಜಾಗ ಇಷ್ಟವಾಗಲು ಅದೇ ಕಾರಣ. ಆನೆ ಸವಾರಿ ನಮ್ಮ ಪಟ್ಟಿಯಲ್ಲಿ ಇಲ್ಲ, ಕೇಳಲೂಬೇಡಿ.

ಮಿರಿಸ್ಸದಲ್ಲಿ ನೀಲಿ ತಿಮಿಂಗಿಲ ನೋಡಲು ನಸುಕಿನಲ್ಲೇ ದೋಣಿ ಹೊರಡುತ್ತದೆ. ವಾಂತಿ ಬರುವವರು ಮಾತ್ರೆ ಮೊದಲೇ ತಗೊಳ್ಳಿ, ದೋಣಿ ಹತ್ತಿದ ಮೇಲಲ್ಲ. ಮಧ್ಯಾಹ್ನದಿಂದ ಬೀಚು, ಯಾರ ಕಾಟವೂ ಇಲ್ಲ.

ಹುಣ್ಣಿಮೆ ದಿನ ಅಲ್ಲಿ ಪೋಯ ಅನ್ನುವ ಬೌದ್ಧರ ರಜೆ, ಮದ್ಯ ಮಾರುವುದಿಲ್ಲ. ಯಾರಿಗೆ ಹೇಳ್ತಿದ್ದೀನಿ ಅಂತ ಅವರಿಗೇ ಗೊತ್ತು.

ಪಾಸ್‌ಪೋರ್ಟಿನ ಮೊದಲ ಪುಟದ ಫೋಟೊ ಭಾನುವಾರದೊಳಗೆ ನನಗೆ ಕಳಿಸಿ. ಗುಂಪಿಗೆ ಹಾಕಬೇಡಿ.